ಅತ್ತಿಗುಂಡಿ ದಾರಿಯ ಗಾಳಿಮಾತು

ವಾರಾಂತ್ಯ ಬಂತೆಂದರೆ ಚಿಕ್ಕಮಗಳೂರು ಬಳಿಯ ಕೈಮರ ದಾಟಿ ಅತ್ತಿಗುಂಡಿಯತ್ತ ಬೈಕುಗಳ ಸಾಲು. ಚಹಾಕ್ಕೆ ನಿಂತ ಕೂಡಲೇ ಟೈರಿಗೊಂದು ಒದೆ: ‘ಗಾಳಿ ಸರಿ ಇದೆ ಮಾರಾಯ!’ ಬೂಟುಗಾಲಿಗೆ 20 ಪಿಎಸ್‌ಐಯೂ ಒಂದೇ, 30 ಕೂಡ ಒಂದೇ.

ಸವಾರರಲ್ಲಿ ಎರಡು ಪಂಗಡ. ‘ಮೇಲೆ ಹೋದಂತೆ ಒತ್ತಡ ಏರುತ್ತೆ, ಸ್ವಲ್ಪ ಬಿಡು’ ಎನ್ನುವವರು ಒಂದು ಕಡೆ. ‘ಚಳಿಗೆ ಇಳಿಯುತ್ತೆ, ಸ್ವಲ್ಪ ಹೊಡಿ’ ಎನ್ನುವವರು ಇನ್ನೊಂದು ಕಡೆ. ತಮಾಷೆಯೆಂದರೆ ಇಬ್ಬರೂ ಸರಿ. ಸುಮಾರು 1,090 ಮೀಟರ್ ಎತ್ತರದ ಚಿಕ್ಕಮಗಳೂರಿನಿಂದ 1,930 ಮೀಟರಿನ ಮುಳ್ಳಯ್ಯನಗಿರಿಗೆ ಹತ್ತುವಾಗ ಹೊರಗಿನ ವಾಯುಭಾರ ತಗ್ಗಿ, ಗೇಜಿನ ಮುಳ್ಳು ಒಂದು ಪಿಎಸ್‌ಐಗಿಂತ ತುಸು ಮೇಲೇರುತ್ತದೆ. ಟೈರು ಹತ್ತು ಡಿಗ್ರಿ ತಣ್ಣಗಾದರೆ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತದೆ. ಬೆಟ್ಟ ಕೊಟ್ಟದ್ದನ್ನು ಚಳಿ ವಸೂಲಿ ಮಾಡುತ್ತದೆ. ಉಳಿಯುವುದು ಜಗಳ ಮಾತ್ರ.

ಸರಿಯಾದ ಅಂಕಿ ಬೈಕಿನ ಕೈಪಿಡಿಯಲ್ಲೇ ಇದೆ. ಎಷ್ಟೋ ಬೈಕುಗಳಲ್ಲಿ ಸ್ಟಿಕ್ಕರನ್ನೂ ಅಂಟಿಸಿರುತ್ತಾರೆ. ಹಿಂದೆ ಇನ್ನೊಬ್ಬರು ಕೂತರೆ ಹಿಂದಿನ ಚಕ್ರಕ್ಕೆ ಹೆಚ್ಚು ಗಾಳಿ ಬೇಕು. ಅಳೆಯಬೇಕಾದ್ದು ಹೊರಡುವ ಮುನ್ನ, ಟೈರು ತಣ್ಣಗಿರುವಾಗ. ಓಡಿ ಬಿಸಿಯಾದ ಟೈರಿನ ಗಾಳಿ ಬಿಟ್ಟವರಿಗೆ ಮರುದಿನ ರಸ್ತೆಯ ಗುಂಡಿಯೇ ರಿಮ್ಮಿನ ಲೆಕ್ಕ ಹೇಳುತ್ತದೆ.

ಕೆಸರಲ್ಲಿ ಹಿಡಿತ ಸಿಗಲೆಂದು ಗಾಳಿ ಇಳಿಸಿದವರು ಡಾಂಬರಿಗೆ ಬಂದ ಮೇಲೆ ತುಂಬಿಸಲೇಬೇಕು. ಪಂಪು ಮನೆಯಲ್ಲಿ, ಬ್ಯಾಗಿನಲ್ಲಿರುವುದು ಚಿಪ್ಸ್ ಪೊಟ್ಟಣ. ಎತ್ತರಕ್ಕೆ ಅದು ಮಾತ್ರ ಭರ್ತಿ ಉಬ್ಬಿ ಕೂತಿರುತ್ತದೆ.