ಹಳೇ ಸ್ನೋಮೊಬೈಲ್ ಕ್ರಯಮೀಮಾಂಸೆ

ಯಾವ ಶಾಸ್ತ್ರ ಹಿಡಿದರೂ ಮೊದಲು ಅನುಬಂಧ ಚತುಷ್ಟಯ ಹೇಳಿಬಿಡಬೇಕೆಂಬುದು ಹಿಂದಿನವರ ಕಟ್ಟಳೆ. ಇಲ್ಲಿ ವಿಷಯ, ಸೆಕೆಂಡ್ ಹ್ಯಾಂಡ್ ಸ್ನೋಮೊಬೈಲ್. ಪ್ರಯೋಜನ, ಲಿಫ್ಟಿಲ್ಲದ, ಟಿಕೆಟ್ಟಿಲ್ಲದ, ಜನರಿಲ್ಲದ ಬೆಟ್ಟದ ಬುಡ ಸೇರಿ ಸ್ಕೀಯಲ್ಲಿ ಜಾರುವುದು. ಸಂಬಂಧ, ಈ ಎರಡರ ನಡುವೆ ಇದೆಯೆಂದು ಕೊಳ್ಳುವ ಮುನ್ನ ತೋರುವಂಥದ್ದು. ಇನ್ನು ಅಧಿಕಾರಿ. ಸ್ಕೀ, ಅದರ ತಳಕ್ಕೆ ಅಂಟಿಸಿಕೊಂಡು ಬೆಟ್ಟ ಹತ್ತುವ ‘ಸ್ಕಿನ್’, ಹಿಂದೆ ಕೊಕ್ಕೆಯಿರುವ ಕಾರು, ಟ್ರೇಲರ್ ನಿಲ್ಲಿಸಲು ಜಾಗ ಇವೆಲ್ಲ ಉಳ್ಳವನು. ಇವೆಲ್ಲ ಇದ್ದೂ ಸುಮ್ಮನಿರಲಾರದವನು. ದೊಡ್ಡಬಳ್ಳಾಪುರದ ಸೀಮೆಯಲ್ಲಿ ಹುಟ್ಟಿ, ಇಪ್ಪತ್ತೈದು ವರ್ಷ ಫ್ರಿಜ್ಜಿನ ಮೇಲಂತಸ್ತು ಬಿಟ್ಟರೆ ಬೇರೆಲ್ಲೂ ಹಿಮ ಕಾಣದೆ, ಈಗ ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ ಕಂಪ್ಯೂಟರ್ ಮುಂದೆ ಕೂತು ಬೆನ್ನು ಬಗ್ಗಿಸಿಕೊಂಡಿರುವ ಈ ಗ್ರಂಥಕರ್ತನೇ ಅಧಿಕಾರಿಗೆ ಉದಾಹರಣೆ.

1. ದೇಶನಿರ್ಣಯ ಮತ್ತು ಪೂರ್ವಪಕ್ಷ

ವಾಷಿಂಗ್ಟನ್ ರಾಜ್ಯದ ನಾರ್ತ್ ಕ್ಯಾಸ್ಕೇಡ್ಸ್ ಹೆದ್ದಾರಿ 1972ರಲ್ಲಿ ತೆರೆಯಿತು. ಅಂದಿನಿಂದ ಹೆಚ್ಚುಕಡಿಮೆ ಪ್ರತಿ ಚಳಿಗಾಲವೂ ಮುಚ್ಚುತ್ತಿದೆ. ಲಿಬರ್ಟಿ ಬೆಲ್ ಎಂಬ ಕಲ್ಲುಬೆಟ್ಟದ ಮಗ್ಗುಲಿಂದ ಹಿಮಕುಸಿತಗಳು ರಸ್ತೆಗೇ ಬಂದು ಬೀಳುವುದರಿಂದ ವಸಂತದವರೆಗೂ ಗೇಟು ಹಾಕುತ್ತಾರೆ. ಕಾರಿಗೆ ಮುಚ್ಚಿದ ಆ ರಸ್ತೆ ಸ್ನೋಮೊಬೈಲಿಗೆ ರಾಜಬೀದಿ. ಪೂರ್ವದಲ್ಲಿರುವ ಮಜಾಮ ಎಂಬ ಹಳ್ಳಿಯ ಕಡೆಯಿಂದ ಹೊರಟರೆ, 5,477 ಅಡಿ ಎತ್ತರದ ವಾಷಿಂಗ್ಟನ್ ಪಾಸ್ ನಡುಚಳಿಗಾಲದಲ್ಲಿ ಸುಮಾರು 15 ಮೈಲಿ. ಇಲ್ಲೊಂದು ಸ್ವಾರಸ್ಯವಿದೆ. ಸಿಯಾಟಲಿನಿಂದ ಮಜಾಮಕ್ಕೆ ನೇರ ದಾರಿಯೆಂದರೆ ಈ ಹೆದ್ದಾರಿಯೇ. ಅದು ಮುಚ್ಚಿರುವುದರಿಂದ ಸ್ಟೀವನ್ಸ್ ಪಾಸ್ ಹತ್ತಿಳಿದು, ವೆನಾಚಿ ಸುತ್ತಿ, ಅರ್ಧ ದಿನ ಕಾರು ಓಡಿಸಿ ಮುಚ್ಚಿದ ರಸ್ತೆಯ ಆ ತುದಿಗೆ ಹೋಗಿ, ಅದೇ ಮುಚ್ಚಿದ ರಸ್ತೆಗೆ ಇಳಿಯಬೇಕು.

ಪೂರ್ವಪಕ್ಷ ನಮ್ಮ ಮನೆಯವರದು. ಅವರ ತಂದೆ ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟರಾಗಿದ್ದವರು. ತರ್ಕ ಮಗಳಿಗೆ ಒಗ್ಗರಣೆಯಷ್ಟು ಸಲೀಸು. “ಅಲ್ಲಾ ರೀ, ಸ್ಕಿನ್ ಅಂಟಿಸ್ಕೊಂಡು ನಡೆದೇ ಹತ್ತೋದು ಈ ಆಟದ ಮರ್ಯಾದೆ ಅಂತ ನೀವೇ ಹೇಳ್ತಿದ್ರಿ. ಈಗ ಗಾಡಿ ಯಾಕೆ?” ಎಂದರು.

ಉತ್ತರ: ಹತ್ತುವುದು ಮರ್ಯಾದೆ ಸರಿ, ಹೆದ್ದಾರಿಯಲ್ಲಿ ನಡೆಯುವುದು ಮರ್ಯಾದೆಯಲ್ಲ. ಸ್ಕಿನ್ ಹಾಕಿದ ಕಾಲು ಗಂಟೆಗೆ ಎರಡು, ಎರಡೂವರೆ ಮೈಲಿ ಸಾಗಿದರೆ ಹೆಚ್ಚು. 15 ಮೈಲಿಗೆ ಆರೇಳು ಗಂಟೆ. ಅಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ, ಬೆಟ್ಟ ಇನ್ನೂ ಶುರುವಾಗಿರುವುದಿಲ್ಲ. ಗಾಡಿಗೆ ಮುಕ್ಕಾಲು ಗಂಟೆ ಸಾಕು. ಮನೆಯವರು ಒಪ್ಪಲಿಲ್ಲ, ಸುಮ್ಮನಾದರು. ವಾದದಲ್ಲಿ ಇವೆರಡೂ ಬೇರೆ ಬೇರೆ ಎಂಬುದು ನನಗೆ ಆಗ ಹೊಳೆಯಲಿಲ್ಲ.

2. ಉತ್ಪತ್ತಿ ಮತ್ತು ಪಾಠಾಂತರ

ವಿಸ್ಕಾನ್ಸಿನ್ ರಾಜ್ಯದ ಸೇನರ್ ಎಂಬ ಊರಿನಲ್ಲಿ ಕಾರ್ಲ್ ಎಲಿಯಾಸನ್ 1924ರಲ್ಲಿ ಮರದ ಜಾರುಬಂಡಿಗೆ ಇಂಜಿನ್ ಕಟ್ಟಿದ. ಕೆನಡಾದ ಕ್ವಿಬೆಕ್ ಪ್ರಾಂತದ ವ್ಯಾಲ್ಕೋರ್ಟ್‌ನಲ್ಲಿ ಮೆಕ್ಯಾನಿಕ್ಕಾಗಿದ್ದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಹಿಮದ ಮೇಲೆ ಓಡುವ ಗಾಡಿಗಾಗಿ ಬಾಲ್ಯದಿಂದ ಒದ್ದಾಡುತ್ತಿದ್ದವನು. 1934ರ ಚಳಿಗಾಲದಲ್ಲಿ ಅವನ ಪುಟ್ಟ ಮಗನಿಗೆ ಹೊಟ್ಟೆಯ ಸೋಂಕು ತಗಲಿತು. ದಾರಿಯೆಲ್ಲ ಹಿಮ, ಆಸ್ಪತ್ರೆ ಮುಟ್ಟಿಸಲಾಗಲಿಲ್ಲ, ಮಗು ಉಳಿಯಲಿಲ್ಲ. ಮೂರು ವರ್ಷದಲ್ಲಿ ಅವನ ಟ್ರ್ಯಾಕ್ ವ್ಯವಸ್ಥೆಗೆ ಪೇಟೆಂಟ್ ದೊರೆತು, ಏಳು ಜನ ಕೂರುವ ಬಿ-7 ಹಿಮಗಾಡಿ ಬಂತು. ಶೋಕಿಗೆ ನಾವು ಬಳಸುವ ಈ ಯಂತ್ರದ ಬೇರು ಒಬ್ಬ ತಂದೆಯ ಮನೆಯಲ್ಲಿದೆ ಎಂಬುದನ್ನು ನೆನೆದು ಮುಂದೆ ಹೋಗೋಣ.

ಅದೇ ಬೊಂಬಾರ್ಡಿಯೆ 1959ರಲ್ಲಿ ಒಬ್ಬಿಬ್ಬರು ಕೂರುವ ಹಗುರ ಗಾಡಿ ತಂದ. ನಾಯಿ ಎಳೆಯುವ ಜಾರುಬಂಡಿಗೆ ಬದಲಾಗಿ ಬಂದದ್ದರಿಂದ ಅದರ ಹೆಸರು ‘ಸ್ಕೀ-ಡಾಗ್’ ಆಗಬೇಕಿತ್ತಂತೆ. ಅಚ್ಚಿನ ತಪ್ಪಿನಿಂದ ‘ಸ್ಕೀ-ಡೂ’ ಆಗಿ, ಹಾಗೇ ನಿಂತಿತು ಎಂಬುದು ಪ್ರತೀತಿ. ನಮ್ಮ ಗ್ರಂಥಸಂಪಾದಕರು ಲಿಪಿಕಾರನ ಒಂದು ಕೊಂಬಿಗಾಗಿ ಹತ್ತು ಪುಟ ಅಡಿಟಿಪ್ಪಣಿ ಬರೆಯುತ್ತಾರೆ. ಅಲ್ಲಿ ಲಿಪಿಕಾರನ ತಪ್ಪಿಗೆ ಒಂದು ಕಾರ್ಖಾನೆಯೇ ನಡೆಯಿತು.

3. ಲಕ್ಷಣ

‘ಇಂಜಿನ್ ಬಲದಿಂದ ಹಿಮದ ಮೇಲೆ ಚಲಿಸುವುದು ಸ್ನೋಮೊಬೈಲ್’ ಎಂದರೆ, ರಸ್ತೆಯ ಹಿಮ ತಳ್ಳುವ ಲಾರಿಗೂ ಲಕ್ಷಣ ಹೊಂದಿ ಅತಿವ್ಯಾಪ್ತಿ ದೋಷ. ‘ಮುಂದೆ ಎರಡು ಸ್ಕೀ, ಹಿಂದೆ ಒಂದು ರಬ್ಬರ್ ಟ್ರ್ಯಾಕ್ ಇದ್ದು ಚಲಿಸುವುದು’ ಎಂದು ತಿದ್ದಿದರೆ, ನಾನು ಕೊಂಡದ್ದಕ್ಕೆ ಅನ್ವಯಿಸದೆ ಅವ್ಯಾಪ್ತಿ ದೋಷ, ಅದು ಚಲಿಸುವುದಿಲ್ಲ. ಆದ್ದರಿಂದ ‘ಚಲಿಸೀತೆಂದು ಕೊಳ್ಳಲಾದದ್ದು’ ಎಂಬುದೇ ನಿರ್ದುಷ್ಟ ಲಕ್ಷಣ.

ಭೇದಗಳು ಎರಡು. ಹದ ಮಾಡಿದ ದಾರಿಯಲ್ಲಿ ಓಡುವ ಗಿಡ್ಡ ಟ್ರ್ಯಾಕಿನದು ಒಂದು. 146 ಇಂಚಿನಿಂದ 174ರವರೆಗೆ ಉದ್ದದ ಟ್ರ್ಯಾಕೂ, ಅದರ ಮೇಲೆ ಎರಡು-ಮೂರು ಇಂಚಿನ ರಬ್ಬರ್ ಹಲ್ಲುಗಳೂ ಇರುವ ಬೆಟ್ಟದ ಗಾಡಿ ಇನ್ನೊಂದು. ಟ್ರ್ಯಾಕ್ ಉದ್ದವಾದಷ್ಟೂ ಭಾರ ಹರಡಿ ಮೆತ್ತನೆ ಹಿಮದಲ್ಲಿ ತೇಲುತ್ತದೆ. ಸ್ಕೀಯವನಿಗೆ ಎರಡನೆಯದೇ ಬೇಕು. ಆದರೆ ಮಧ್ಯಮ ಉದ್ದದ್ದು, ಇಂಜಿನ್ನಿಗೆ ಯಾರೂ ಕೈಹಾಕಿ ಕುದುರೆ ಹೆಚ್ಚಿಸದೆ ಇದ್ದದ್ದು. ಗಾಡಿಗಾಗಿಯೇ ಬರುವವನಿಗೆ ವೇಗ ಬೇಕು. ನಮಗೆ ಬೇಕಾದದ್ದು ಸಂಜೆ ವಾಪಸು ಬರುವುದು.

4. ಪ್ರಮಾಣಗಳು ಆರು

ನೈಯಾಯಿಕರಿಗೆ ನಾಲ್ಕೇ ಪ್ರಮಾಣ. ಹಳೇ ಗಾಡಿ ಕೊಳ್ಳುವವನಿಗೆ ನಾಲ್ಕು ಸಾಲದು. ಭಾಟ್ಟ ಮೀಮಾಂಸಕರ ಆರೂ ಬೇಕು.

ಪ್ರತ್ಯಕ್ಷ. ಹೋದ ಕೂಡಲೇ ಮಾತಾಡದೆ ಇಂಜಿನ್ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ, ನೀವು ಬರುವ ಮುನ್ನ ಅದನ್ನು ಎಬ್ಬಿಸಿದ್ದಾರೆಂದು ಅರ್ಥ. ತಣ್ಣಗಿರುವಾಗ ಎಷ್ಟು ಎಳೆತಕ್ಕೆ ಏಳುತ್ತದೆ ಎಂಬುದೇ ಗಾಡಿಯ ಜಾತಕ. ಸೂತ್ರ: ತಣ್ಣಗಿದ್ದದ್ದೇ ಸತ್ಯ. ಆಮೇಲೆ ಟ್ರ್ಯಾಕಿನ ಹಲ್ಲು ಹರಿದಿದೆಯೇ, ಮುಂದಿನ ಸ್ಕೀ ಹಿಡಿದ ತೋಳು ಬಾಗಿದೆಯೇ, ಸೀಟಿನ ಕೆಳಗಿನ ಉದ್ದ ತಗಡಿನ ಮೈ ಸೊಟ್ಟಗಾಗಿದೆಯೇ, ಎಲ್ಲಾದರೂ ವೆಲ್ಡಿಂಗ್ ಮಾಡಿ ಬಣ್ಣ ಬಳಿದಿದ್ದಾರೆಯೇ ಎಂದು ಮಂಡಿಯೂರಿ ನೋಡಬೇಕು. ನಾನು ನಿಂತೇ ನೋಡಿದೆ. ಇಂಜಿನ್ ಬೆಚ್ಚಗಿತ್ತು. ಬೆಳಗಿನ ಚಳಿಯಲ್ಲಿ ಕೈಗೆ ಹಿತವಾಯಿತು.

ಅನುಮಾನ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯುಂಟೆಂದು ತಿಳಿಯಬೇಕೆಂಬುದು ತಾರ್ಕಿಕರು ಮಕ್ಕಳಿಗೆ ಮೊದಲು ಹೇಳಿಕೊಡುವ ಪಾಠ. ಅವರು ಟೂ-ಸ್ಟ್ರೋಕ್ ಇಂಜಿನ್ ಕಂಡವರಲ್ಲ. ಪೆಟ್ರೋಲಿನ ಜೊತೆ ಆಯಿಲನ್ನೂ ಸುಡುವ ಈ ಇಂಜಿನ್ ಬೆಟ್ಟದ ಮೇಲೆ ಊರೆಲ್ಲ ಕಾಣುವಷ್ಟು ಹೊಗೆ ಬಿಟ್ಟು, ಮರುಕ್ಷಣ ಪ್ಲಗ್ಗು ನೆನೆದು, ಒಳಗೆ ಒಂದು ಕಿಡಿಯೂ ಇಲ್ಲದೆ ನಿಲ್ಲಬಲ್ಲದು. ಹೊಗೆಯಿದೆ, ಬೆಂಕಿಯಿಲ್ಲ, ಹೇತುವಿಗೆ ವ್ಯಭಿಚಾರ ಬಂತು. ಇಲ್ಲಿ ನೆಚ್ಚಬಹುದಾದ ಹೇತು ಕಂಪ್ರೆಶನ್ ಒಂದೇ. ಪ್ಲಗ್ ಬಿಚ್ಚಿ ಆ ತೂತಿಗೆ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಅದುಮಿ ಹಿಡಿದು, ಮುಳ್ಳು ನಿಲ್ಲುವವರೆಗೆ ಹಗ್ಗ ಎಳೆಯುವುದು. ಎತ್ತರದ ಊರಲ್ಲಿ ಅಂಕಿ ಹೇಗೂ ಕಡಿಮೆ ಬರುತ್ತದೆ. ಎರಡು ಸಿಲಿಂಡರುಗಳ ನಡುವೆ ಶೇಕಡಾ 10ಕ್ಕಿಂತ ಹೆಚ್ಚು ಅಂತರ ಬಂದರೆ ಕೈಮುಗಿದು ಹೊರಡಬೇಕು.

ಉಪಮಾನ. ನಮ್ಮಜ್ಜ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ಹಿಡಿಯುವಾಗ ಮೊದಲು ಹಲ್ಲು ಎಣಿಸುತ್ತಿದ್ದರು, ಆಮೇಲೆ ಸುಳಿ ನೋಡುತ್ತಿದ್ದರು, ಆಮೇಲೆ ನಾಲ್ಕು ಹೆಜ್ಜೆ ನಡೆಸುತ್ತಿದ್ದರು. ಬೆಲೆಯ ಮಾತು ಕೊನೆಗೆ, ಟವೆಲ್ಲಿನ ಮರೆಯಲ್ಲಿ, ಬೆರಳಿನಲ್ಲಿ. ನಾನು ಎಲ್ಲವನ್ನೂ ತಿರುವಿ ಹಾಕಿದೆ: ಬೆಲೆ ಮೊದಲು ಕೇಳಿದೆ, ಹಲ್ಲು ಎಣಿಸಲಿಲ್ಲ, ನಾಲ್ಕು ಹೆಜ್ಜೆ ನಡೆಸೋಣವೆಂದರೆ ಮಾರುವವನ ಅಂಗಳದಲ್ಲಿ ಹಿಮವಿರಲಿಲ್ಲ. ಈ ಗಾಡಿಗೆ ಟ್ರ್ಯಾಕ್ ಎರಚುವ ಹಿಮವೇ ತಂಪು; ಬರೀ ನೆಲದಲ್ಲಿ ಓಡಿಸಿದರೆ ಇಂಜಿನ್ ಕಾದು, ಟ್ರ್ಯಾಕ್ ಜಾರುವ ಪ್ಲಾಸ್ಟಿಕ್ ಪಟ್ಟಿ ಕರಗುತ್ತದೆ. ಹಿಮವಿಲ್ಲದ ಕಡೆ ಸ್ನೋಮೊಬೈಲ್ ನೋಡುವುದು, ನೀರಿಲ್ಲದ ಕೆರೆಯಲ್ಲಿ ತೆಪ್ಪ ಕೊಂಡ ಹಾಗೆ.

ಶಬ್ದ. ಮಾರುವವನ ಮಾತೂ ಶಬ್ದವೇ, ಇಂಜಿನ್ನಿನ ಸದ್ದೂ ಶಬ್ದವೇ. “ಒಂದೇ ಎಳೆತಕ್ಕೆ ಏಳುತ್ತೆ, ಏನೂ ಕೆಲಸವಿಲ್ಲ, ಮನೆಯಲ್ಲಿ ಮಗು ಆಯಿತೆಂದು ಕೊಡುತ್ತಿದ್ದೇನೆ” ಎಂಬುದು ಆಪ್ತವಾಕ್ಯದಂತೆ ಕೇಳುತ್ತದೆ. ಎರಡು ಶಬ್ದ ಒಂದಕ್ಕೊಂದು ಎದುರಾದರೆ ಇಂಜಿನ್ನಿನದೇ ಬಲವತ್ತರ.

ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದೇ ಕಲ್ಪಿಸಬೇಕು. ಮೀಟರು 1,100 ಮೈಲಿ ತೋರುತ್ತಿದೆ. ಸೀಟು ಸಿಪ್ಪೆಯೆದ್ದಿದೆ, ಟ್ರ್ಯಾಕಿನೊಳಗಿನ ಪುಟ್ಟ ಚಕ್ರಗಳ ರಬ್ಬರ್ ಸವೆದಿದೆ. ಅಂದರೆ ಮೀಟರು ಉಪವಾಸವಿದ್ದಾಗ ಗಾಡಿ ಎಲ್ಲೋ ಉಂಡುಬಂದಿದೆ.

ಅನುಪಲಬ್ಧಿ. ಇಲ್ಲದಿರುವುದನ್ನು ಕಾಣುವುದು. ಮಾಲೀಕತ್ವದ ಕಾಗದ, ಟೂಲ್ ಕಿಟ್, ಸ್ಪೇರ್ ಬೆಲ್ಟ್. ಇಂಜಿನ್ನಿನ ಬಲವೆಲ್ಲ ಟ್ರ್ಯಾಕಿಗೆ ಹೋಗುವುದು ಒಂದು ರಬ್ಬರ್ ಬೆಲ್ಟಿನ ಮೂಲಕ. ಅದು ಹರಿದರೆ 850 ಸಿಸಿಯೂ ಒಂದೇ, ಸೊನ್ನೆ ಸಿಸಿಯೂ ಒಂದೇ. ಕಾಗದದ ಸಂಖ್ಯೆಯನ್ನು ಗಾಡಿಯ ಮೈಮೇಲೆ ಒತ್ತಿದ ಸಂಖ್ಯೆಗೆ ಹೋಲಿಸದವನು ಗಾಡಿಯ ಜೊತೆ ಪೊಲೀಸರನ್ನೂ ಕೊಂಡಿರಬಹುದು.

ಹೀಗೆ ಆರು ಪ್ರಮಾಣಗಳೂ ಬೇಡವೆಂದ ಗಾಡಿಗೆ 5,800 ಡಾಲರ್ ಕೊಟ್ಟು ಮನೆಗೆ ತಂದೆ. ಆಸೆಯನ್ನು ಏಳನೆಯ ಪ್ರಮಾಣವೆಂದು ಯಾವ ದರ್ಶನಕಾರನೂ ಏಕೆ ಹೇಳಲಿಲ್ಲವೋ!

5. ನಿಷೇಧಪ್ರಕರಣ

1964ರ ವೈಲ್ಡರ್‌ನೆಸ್ ಕಾಯಿದೆಯಂತೆ ವೈಲ್ಡರ್‌ನೆಸ್ ಎಂದು ಘೋಷಿಸಿದ ಕಾಡಿನೊಳಗೆ ಮೋಟಾರು ವಾಹನ ಕೂಡದು. ಗಡಿಯಲ್ಲಿ ಗಾಡಿ ಬಿಟ್ಟು, ಗುಡಿಯ ಮುಂದೆ ಚಪ್ಪಲಿ ಬಿಟ್ಟವರಂತೆ ಮುಂದೆ ನಡೆಯಬೇಕು. ಗಡಿ ಎಲ್ಲಿದೆಯೆಂದು ನಕ್ಷೆ ಹೇಳುತ್ತದೆ, ಹಿಮ ಹೇಳುವುದಿಲ್ಲ.

ಹಿಮಕುಸಿತದ ವಿಷಯದಲ್ಲಿ ಅಣಕ ಬೇಡ. 30ರಿಂದ 45 ಡಿಗ್ರಿ ಇಳಿಜಾರುಗಳೇ ಹೆಚ್ಚಾಗಿ ಕುಸಿಯುವುದು. ಇಂಜಿನ್ನಿನ ಸದ್ದಿಗೆ ಹಿಮ ಜಾರುತ್ತದೆಂಬುದು ಕಟ್ಟುಕತೆ. ಜಾರಿಸುವುದು ಅದರ ಭಾರ, ನಮ್ಮ ಭಾರ. ಹೂತವರನ್ನು ಹುಡುಕುವ ಬೀಕನ್ 457 ಕಿಲೋಹರ್ಟ್ಸ್‌ನಲ್ಲಿ ಮಾತಾಡುತ್ತದೆ. ಅದು ಪ್ರತಿಯೊಬ್ಬರ ಮೈಮೇಲೂ ಇರಬೇಕು. ಚುಚ್ಚಿ ನೋಡುವ ಕೋಲು ಮತ್ತು ಸಲಿಕೆ ಗಾಡಿಯಲ್ಲಲ್ಲ, ಬೆನ್ನಿನ ಚೀಲದಲ್ಲಿರಬೇಕು. ಹೂತವರು ಬದುಕುವುದು ಹೆಚ್ಚಾಗಿ ಮೊದಲ ಹತ್ತು-ಹದಿನೈದು ನಿಮಿಷದಲ್ಲಿ ಪಕ್ಕದವರ ಕೈಯಿಂದ. ಒಬ್ಬರು ಸಿಕ್ಕಿಕೊಂಡಾಗ ಇನ್ನೊಬ್ಬರು ಸಹಾಯವೆಂದು ಅದೇ ಇಳಿಜಾರಿಗೆ ಗಾಡಿ ನುಗ್ಗಿಸಬಾರದು.

6. ಸಿದ್ಧಾಂತ

ಪ್ರಯೋಗ ನಡೆದದ್ದು ಫೆಬ್ರವರಿಯಲ್ಲಿ. ಹನ್ನೊಂದನೆಯ ಮೈಲಿಯವರೆಗೆ ಸ್ವರ್ಗ. ಅಲ್ಲಿ ರಸ್ತೆಯಂಚಿನ ಮೆತ್ತನೆ ಹಿಮಕ್ಕೆ ಇಳಿದೆ. ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಟ್ರ್ಯಾಕ್ ತನ್ನ ಗುಂಡಿ ತಾನೇ ತೋಡಿಕೊಂಡು ಇಳಿಯಿತು. ಇನ್ನೂರು ಕಿಲೋ ಮೀರಿದ ಗಾಡಿಯನ್ನು ಸಲಿಕೆಯಿಂದ ಬಿಡಿಸಲು ಎರಡು ಗಂಟೆ. ಬಿಡಿಸಿ ಎಬ್ಬಿಸಿದೆ, ರಬ್ಬರ್ ಸುಟ್ಟ ವಾಸನೆ ಬಂತು, ಬೆಲ್ಟ್ ಹರಿಯಿತು. ಸ್ಪೇರ್ ಇರಲಿಲ್ಲವೆಂಬುದನ್ನು ಅನುಪಲಬ್ಧಿಯಿಂದ ಆಗ ತಿಳಿದೆ.

ಈ ಕಸುಬಿನ ಹಳಬರು ಹೇಳುವ ನಿಯಮ ಒಂದಿದೆ: ಸ್ಕೀಯಲ್ಲಿ ವಾಪಸು ಬರಲಾಗದಷ್ಟು ದೂರ ಗಾಡಿಯಲ್ಲಿ ಹೋಗಬೇಡ. ಹಾಗೆಯೇ ಆಯಿತು. ಸ್ಕೀ ಕಟ್ಟಿಕೊಂಡು ಹೆದ್ದಾರಿಯುದ್ದಕ್ಕೂ ಹನ್ನೊಂದು ಮೈಲಿ ವಾಪಸಾದೆ. ಆ ಚಳಿಗಾಲದಲ್ಲಿ ನಾನು ಮಾಡಿದ ಅತಿ ಉದ್ದದ ಸ್ಕೀಯಾನ ಅದೇ.

ರಾತ್ರಿ ಮನೆಯವರು ಸಾರು ಬಿಸಿ ಮಾಡುತ್ತ ಕೇಳಿದರು: “ಸ್ಕೀ ಮಾಡೋಕೆ ಗಾಡಿ ಬೇಕು ಅಂದ್ರಿ. ಈಗ ಗಾಡಿ ಕೈಕೊಟ್ರೆ ಸ್ಕೀ ಬೇಕು ಅಂತೀರಿ. ಇದಕ್ಕೆ ನಮ್ಮಪ್ಪ ಒಂದು ಹೆಸರು ಹೇಳ್ತಿದ್ರು.”

“ಅನ್ಯೋನ್ಯಾಶ್ರಯ ದೋಷ” ಎಂದೆ.

“ಮತ್ತೆ ಇನ್ನೇನು, ಊಟ ಮಾಡಿ” ಎಂದರು. ಪೂರ್ವಪಕ್ಷವೇ ಸಿದ್ಧಾಂತವಾದ ಗ್ರಂಥ ಇದೊಂದೇ ಇರಬೇಕು.

7. ಫಲಶ್ರುತಿ

ಇದನ್ನು ಓದಿದವರು ತಣ್ಣಗಿರುವ ಗಾಡಿಯನ್ನು, ಹಿಮವಿರುವ ಜಾಗದಲ್ಲಿ, ಮಂಡಿಯೂರಿ ನೋಡಿ, ಗೇಜ್ ಹಾಕಿ, ಕಾಗದ ಹೋಲಿಸಿ, ಎರಡು ಬೆಲ್ಟ್ ಕೇಳಿ ಪಡೆದು ಕೊಂಡು, ಸ್ಕೀ ಮರೆಯದೆ ಹೊರಟು, ಸಂಜೆಗೆ ಮನೆ ಸೇರುವರು. ಬೆಟ್ಟದ ಗಾಡಿ, ಉದ್ದ ಟ್ರ್ಯಾಕ್, ಸ್ಕೀ ಕಟ್ಟುವ ಸ್ಟ್ಯಾಂಡ್ ಸಮೇತ ನಮ್ಮ ಗ್ಯಾರೇಜಿನಲ್ಲಿ ಒಂದು ಮಾರಾಟಕ್ಕಿದೆ. ಒಂದೇ ಎಳೆತಕ್ಕೆ ಏಳುತ್ತದೆ, ಏನೂ ಕೆಲಸವಿಲ್ಲ. ನೋಡಲು ಬರುವವರು ಅರ್ಧ ಗಂಟೆ ಮುಂಚೆ ಫೋನ್ ಮಾಡಬೇಕಾಗಿ ವಿನಂತಿ.