ಒಂದ್ ಚರಿಗಿ ನೀರ ತಗೊಂಬಾರೋ ತಮ್ಮಾ

ಖರೇ ಹೇಳ್ರಿ, ನಿಮ್ಮ ಹುಡುಗಗ ಎಷ್ಟ ವಯಸ್ಸು? ತಡೀರಿ, ಗಡಿಬಿಡಿ ಮಾಡಬ್ಯಾಡ್ರಿ. ಕೇಳಾವ ಯಾರು ಅನ್ನೂದು ಮೊದಲ ನೋಡ್ಕೋರಿ. ಬಾಗಲಕೋಟಿಯಿಂದ ಹುನಗುಂದದ ಬಸ್ ಹತ್ತಿದಾಗ ಕಂಡಕ್ಟರ್ ಕೇಳಿದ್ರ ಅವಗ ಐದೂವರಿ. (ಆರು ತುಂಬಿತಂದ್ರ ಅರ್ಧಾ ಟಿಕೀಟು, ಅಲ್ಲೇನ್ರಿ?) ಅದಽ ತಿಂಗಳದಾಗ ಹೆಡ್‌ಮಾಸ್ತರ್ ಕೇಳಿದ್ರ, "ಆರು ತುಂಬಿ ಮ್ಯಾಲ ಎರಡ ತಿಂಗಳಾತ್ರಿ ಸರ್, ಒಂದನೇತ್ತಾಕ ಹೆಸರ ಹಚ್ಕೋರಿ."

ಹೆಣ್ಣಹುಡುಗಿ ಇದ್ರ ಈಗೀಗ ಒಂದೀಟು ಖರೇ ಹೇಳಾಕತ್ತೀರಿ. 2023ರಾಗ ಶಕ್ತಿ ಯೋಜನೆ ಬಂತಲ್ಲ, ಆಕೀಗೆ ಬಸ್ಸು ಹೆಂಗೂ ಫುಕಟ್, ಸುಳ್ಳ ಹೇಳಿ ಏನ ಬಂತು? ಇನ್ನ ನಿಮ್ಮ ಹುಟ್ಟಿದ ತಾರೀಕು? ನಾ ಹೇಳ್ಲೇನು? ಜೂನ್ 1! (ನಮ್ಮ ಕಡೆ ಮಾಸ್ತರ ಮಂದಿ ಅರ್ಧಾ ಊರನ್ನ ಅದಽ ದಿನ ಹುಟ್ಟಿಸಿ ಕೈ ತೊಳಕೊಂಡಾರ. ನಾನೂ ಆ ಗುಂಪಿನಾವಽ.)

ಆದ್ರ ಇವೆಲ್ಲಕಿಂತ ಮಜಾ ವಯಸ್ಸು ಇನ್ನೊಂದೈತಿ. ಸಿನಿಮಾದ ವಯಸ್ಸು. ಹೊಸಾ ಸಿನಿಮಾ ಬಂದೈತಿ, ನಿಮಗ ನೋಡಬೇಕಾಗೇತಿ, ಮನ್ಯಾಗ ಹುಡುಗನ್ನ ಬಿಟ್ಟಹೋಗಾಕ ಆಯಿ ಊರಾಗಿಲ್ಲ. ಆವಾಗ ಏನಂತೀರಿ? "ಅವಗೇನ್ರಿ, ಎಲ್ಲಾ ತಿಳೀತೈತಿ." ಅದಽ ಹುಡುಗ ತಾನಾಗೇ ಒಂದ ಸಿನಿಮಾ ಕೇಳ್ಲಿ? "ನಿನಗಿನ್ನೂ ತಿಳ್ಯಾಂಗಿಲ್ಲ, ಸುಮ್ನ ಓದ್ಕೋ ಹೋಗು." ಒಂದಽ ವಾರದಾಗ ಹುಡುಗ ದೊಡ್ಡಾವಾಗಿ ಮತ್ತ ಸಣ್ಣಾವಾದ!

ಸರಕಾರದವ್ರೂ ಈ ಲೆಕ್ಕಕ್ಕ ತೆಲಿ ಕೆಡಿಸ್ಕೊಂಡಾರ ನೋಡ್ರಿ. 1952ರ ಕಾಯ್ದೆ ಪ್ರಕಾರ ಬರೇ ಯು, ಎ ಎರಡಽ ಇದ್ವು. 1983ರಾಗ ನಡುವ ಯುಎ ಬಂತು. ಹನ್ನೆರಡರ ಒಳಗಿನ ಹುಡುಗ್ರಿಗೆ ತಂದಿತಾಯಿ ನೋಡಿ ತೋರಸ್ರಿ ಅಂತ. ಈಗ ಅದೂ ಸಾಲ್ದು ಅಂತ 2023ರಾಗ ಕಾಯ್ದೆ ತಿದ್ದಿ, 2024ರ ನವೆಂಬರ್‌ದಿಂದ ಅದಽ ಯುಎದಾಗ ಮತ್ತ ಮೂರ ಹೋಳು: 7, 13, 16.

ಚಲೋ ಆತು ಅಂದ್ರಿ? ಕೇಳ್ರಿ ಇಲ್ಲಿ. ಎ ಇದ್ರ ಹದಿನೆಂಟರ ಒಳಗಿನವ್ರನ್ನ ಥೇಟರಿನಾಗ ಬಿಡಾಂಗಿಲ್ಲ, ಅದು ಕಾಯ್ದೆ. ಈ ಮೂರ ನಂಬರ್ ಮಾತ್ರ ಬರೇ ತಂದಿತಾಯಿಗೆ ಸಲಹಾ. ಗೇಟಿನಾಗ ನಿಂತಾವ ಕೇಳಾಂಗಿಲ್ಲ, ತಡಿಯಾಂಗಿಲ್ಲ. ಅಂದ್ರ ದಿಲ್ಲಿಯೊಳಗ ಎಪ್ಪತ್ತ ವರ್ಷ ವಿಚಾರ ಮಾಡಿ, ಕಡೀಕ ನಿಮ್ಮ ಕೊಳ್ಳಾಗಽ ಕಟ್ಟಿ ಬಿಟ್ರು.

ಮತ್ತ ನೀವರೆ ಏನ ಕಡಿಮಿ ಶಾಣ್ಯಾ? ನಿಮ್ಮ ಅಪ್ಪ ಮಾಡಿದ್ದನ್ನಽ ಮಾಡ್ತೀರಿ. ಒಂದ್ ಚರಿಗಿ ನೀರ!

ಯಾಕ ನಕ್ರಿ? ನೀವೂ ತಂದೀರಿ, ನನಗ ಗೊತ್ತೈತಿ. ಓಣಿಗೊಂದ ಟಿವಿ ಇದ್ದ ಕಾಲ. ಐತವಾರ ಸಂಜಿಮುಂದ ದೂರದರ್ಶನದಾಗ ಕನ್ನಡ ಸಿನಿಮಾ. ಪಡಸಾಲ್ಯಾಗ ಇಪ್ಪತ್ತೈದ ಮಂದಿ, ಚುರಮರಿ ಚೂಡಾದ ಬುಟ್ಟಿ. ನಾಯಕ ನಾಯಕೀದು ಕೈ ಹಿಡದ್ನೋ ಇಲ್ಲೋ, ಅಪ್ಪಾರ ದನಿ: "ತಮ್ಮಾ, ಒಂದ್ ಚರಿಗಿ ನೀರ ತಗೊಂಬಾರೋ." ಮುಂಬೈದಾಗ ಸೆನ್ಸಾರ್ ಬೋರ್ಡ್ ಇರ್ಲಿ ಬಿಡ್ಲಿ, ನಮ್ಮ ಬಾಗಲಕೋಟಿಗೆ ಇದಽ ಬೋರ್ಡು. ಕತ್ತರಿ ಇಲ್ಲ, ಸಿಕ್ಕಾ ಇಲ್ಲ, ಬರೇ ಒಂದ ಹಿತ್ತಾಳಿ ಚರಿಗಿ.

ನಮಗೇನು ತಿಳಿದಿದ್ದಿಲ್ಲ ಅಂತೀರಿ? ನೀರ ಕೇಳಿದ್ರಂದ್ರ ಮುಂದ ಏನೋ ಐತಿ ಅಂತ ಗ್ಯಾರಂಟಿ! ಅಪ್ಪಾರು ಕೇಳದಿದ್ರ ನಾವು ಚೂಡಾ ತಿನಕೋತ ಎಲ್ಲೋ ನೋಡಕೋತ ಕುಂತಿರ್ತಿದ್ವಿ. (ನನ್ನ ಗೆಳ್ಯಾ ಒಬ್ಬಾವ ಬಾಗಿಲ ಹಿಂದ ಮೊದಲಽ ಚರಿಗಿ ತುಂಬಿ ಇಟ್ಟಿರ್ತಿದ್ದ. ಕೇಳಿದ ಕೂಡ್ಲೇ ಕೈ ಚಾಚಿ ಕೊಟ್ಟು, ಕುಂತ ಜಾಗಾ ಬಿಡದ ನೋಡಾವ. ಈಗ ಅಂವ ಸಾಲಿ ಮಾಸ್ತರ.)

ಪುಟ್ಟಣ್ಣ ಕಣಗಾಲರ 'ಎಡಕಲ್ಲು ಗುಡ್ಡದ ಮೇಲೆ' ಬಂದ ದಿನ ಅಂತೂ ನಾ ಐದ ಚರಿಗಿ ತಂದೆ. 1973ರ ಸಿನಿಮಾ. ಲಗ್ನ ಆದ ಹೆಣ್ಣಮಗಳ ಮನಸ್ಸು ಬ್ಯಾರೆ ಕಡೆ ಹರದಾಡೂ ಕಥಿ. ಈಗ ದೊಡ್ಡಾವಾಗಿ ನೋಡಿದ್ರ ಆ ಮನಶ್ಯಾ ತೋರಿಸಿದ್ದಕಿಂತ ಮುಚ್ಚಿಟ್ಟಿದ್ದಽ ಭಾಳ. ಎಂಟ ವರ್ಷದ ಹುಡುಗಗ ಅದರಾಗ ಗುಡ್ಡಾ ಕಾಣ್ತೈತಿ, ಮಂಜು ಕಾಣ್ತೈತಿ, ಮುಗೀತು. ತಿಳದಿದ್ದು ಯಾರಿಗ್ರಿ? ಕುಂತ ದೊಡ್ಡವ್ರಿಗೆ! ನಾಚಿಕಿ ಬಂದಿದ್ದು ಅವ್ರಿಗೆ, ನೀರ ಹೊತ್ತಿದ್ದು ನಾನು.

ಅದಕ್ಕಽ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. "ನಿನಗಿನ್ನೂ ವಯಸ್ಸಾಗಿಲ್ಲ" ಅಂತೀರಲ್ಲ, ಹುಡುಗ ಅದನ್ನ ನೋಡಬಾರದು ಅಂತೋ, ಅವನ ಬಾಜೂಕ ಕುಂತು ನಿಮಗ ನೋಡಾಕ ಆಗೂದಿಲ್ಲ ಅಂತೋ?

ಯಾಕ ಈ ಮಾತಂದ್ರ, ರಕ್ತ ಹರೀವಾಗ ಯಾರೂ ನೀರ ಕೇಳಾಂಗಿಲ್ಲ. 1983ರ 'ಭಕ್ತ ಪ್ರಹ್ಲಾದ' ನೆನಪೈತೇನು? ರಾಜಕುಮಾರ್ ಹಿರಣ್ಯಕಶಿಪು, ಸಣ್ಣ ಪುನೀತ್ ಪ್ರಹ್ಲಾದ. ಕಂಬ ಒಡದು ನರಸಿಂಹ ಬಂದು ಹೊಟ್ಟಿ ಬಗಿಯೂ ಹೊತ್ತಿಗೆ ನಮ್ಮ ಆಯಿ ಹುಡುಗ್ರನ್ನೆಲ್ಲಾ ಮುಂದ ನೂಕಿ, "ಕೈ ಮುಗೀರೋ, ದೇವ್ರು ಬಂದ" ಅಂದ್ಲು. ಅವತ್ತ ರಾತ್ರಿ ನನ್ನ ತಮ್ಮ ಪಡಸಾಲಿ ಕಂಬದ ಬಾಜೂಕ ಮಲಗಾಕ ಒಲ್ಲೆ ಅಂದ. ಯಾಕ ಅಂತ ಯಾರೂ ಕೇಳ್ಲಿಲ್ಲ.

1967ರ 'ಇಮ್ಮಡಿ ಪುಲಿಕೇಶಿ'ನೂ ಹಂಗಽ. ನಮ್ಮ ಬಾದಾಮಿ ದೊರಿ, ನಮ್ಮ ಅಣ್ಣಾವ್ರು. ಕತ್ತಿ ಬೀಸಿದಷ್ಟೂ ಹುಡುಗ್ರನ್ನ ಹೆಗಲ ಮ್ಯಾಲ ಎತ್ತಿ ತೋರಸೂದು. ಇತಿಹಾಸ ಅಲ್ಲೇನ್ರಿ ಅದು! ಅದಽ ಮನಿಯೊಳಗ 1998ರಾಗ ಆಗಿದ್ದ ಕೇಳ್ರಿ. ನಮ್ಮ ಕಾಕಾನ ಮಗ ಶಹರಕ್ಕ ಹೋಗಿ ಬಂದು, ನಡು ಮನ್ಯಾಗ ನಿಂತು, "ಎ ಸಿನಿಮಾ ನೋಡಿ ಬಂದೆ" ಅಂದ. ಹಲ್ಲು ಉಚ್ಚೂವಂಗ ಒಂದ ಬಿತ್ತು. ಅದು ಉಪೇಂದ್ರನ ಸಿನಿಮಾದ ಹೆಸರಽ 'ಎ' ಅಂತ ತಿಳಿಯೂದರಾಗ ಇನ್ನೊಂದ ಬಿದ್ದಿತ್ತು.

ಮೊನ್ನಿ 2025ರ ಅಕ್ಟೋಬರ್ 2ಕ್ಕ 'ಕಾಂತಾರ: ಅಧ್ಯಾಯ 1' ಬಂತು. ಯುಎ 16. ಹದಿನಾರು! ನೀವ ಯಾರ್ನ ಕರಕೊಂಡ ಹೋಗಿದ್ರಿ? ಹೇಳಾಂಗಿಲ್ಲ ಬಿಡ್ರಿ, ನನಗ ಗೊತ್ತೈತಿ. ಕಡ್ಲಿ ಬುಡ್ಡಿ ಹಂಗ ಇದ್ದ ಮೂರನೇತ್ತಾದವ ನಿಮ್ಮ ತೊಡಿ ಮ್ಯಾಲ ಕುಂತಿದ್ದ. ಮರದಿನದಿಂದ ಇಳಕಲ್ಲಿನ ಓಣಿ ತುಂಬ ಹುಡುಗ್ರು ದೈವ ಬಂದಂಗ ಒದರೂದು ಕೇಳಿ, ಮಗ್ಗದಾಗ ಕುಂತವ್ರ ಲಾಳಿ ಕೈಯಾಗಽ ನಿಂತ್ವಂತ.

ಸಿನಿಮಾದ ಮಾತ ಬಿಡ್ರಿ. ಬನಶಂಕರಿ ಜಾತ್ರಿಗೆ ಬರ್ರಿ. ಬನದ ಹುಣ್ಣಿಮಿಗೆ ತೇರ ಎಳದ್ರಂದ್ರ ಅಲ್ಲಿಂದ ತಿಂಗಳಗಟ್ಲೆ ಚೊಳಚಗುಡ್ಡದಾಗ ನಾಟಕ ಕಂಪನಿಗಳ ತಗಡಿನ ಥೇಟರು ಸಾಲಾಗಿ ನಿಂತಿರ್ತಾವು. ಒಂದ ಮುಗಿಸಿ ಇನ್ನೊಂದಕ್ಕ ಹೋಗಿ, ಬೆಳಕ ಹರಿಯೂ ತನಕ ಮೂರ ನಾಟಕ ನೋಡೂ ಮಂದಿ ನಾವು. ಚಾದರ, ಬುತ್ತಿ ಗಂಟು, ಕೂಸು, ಮುದುಕಿ, ಎಲ್ಲಾರೂ.

ಅಲ್ಲಿಗೆ ಯು, ಎ, ಹದಿಮೂರು, ಹದಿನಾರು ಯಾವ ಚೀಟಿನೂ ಹಚ್ಚಾಂಗಿಲ್ಲ. ಕಾಮಿಡಿ ಪಾತ್ರದಾವ ಬಂದು ಬದನಿಕಾಯಿ ಬಗ್ಗೆ ಒಂದ ಮಾತ ಆಡ್ತಾನ. ಬರೇ ಕಾಯಿಪಲ್ಯಾದ ಮಾತು ನೋಡ್ರಿ! ಆದ್ರ ಗಂಡಸ್ರು ಸೀಟಿ ಹೊಡೀತಾರ, ಹೆಣ್ಣಮಕ್ಕಳು ಇಳಕಲ್ ಸೀರಿ ಸೆರಗ ಬಾಯಿಗೆ ಹಿಡದು ನಗತಾರ. (ಕೆಂಪ ಟೋಪ ತೆನಿ ಸೆರಗು ಇಷ್ಟ ದೊಡ್ಡದು ಯಾಕ ಮಾಡ್ಯಾರ ಅಂತ ನನಗ ಆವಾಗ ತಿಳೀತು.) ಮಡಲಾಗಿನ ಹುಡುಗನೂ ಗಹಗಹಿಸಿ ನಗತೈತಿ.

ಆವಾಗ ನಿಮ್ಮ ಎದಿ ಧಸಕ್ ಅಂತೈತಿ. ಎಲಾ! ಇವ ಯಾಕ ನಕ್ಕ? ತಿಳದ ನಕ್ಕನೋ, ಮಂದಿ ನಕ್ರು ಅಂತ ನಕ್ಕನೋ? ಕೇಳಾಕ ಧೈರ್ಯಾ ಇಲ್ಲ. ಕೇಳಿದ್ರ ಅಂವ ತಿರುಗಿ, "ನೀ ಯಾಕ ನಕ್ಕೆಪಾ?" ಅಂದ್ರ? ಅದಕ್ಕ ಇಬ್ರೂ ಒಬ್ರ ಮಾರಿ ಒಬ್ರು ನೋಡದಽ ಮಿರ್ಚಿ ಭಜಿ ತಿಂದು ಎದ್ದ ಬರ್ತೀರಿ. ಮನಿಗೆ ಬಂದು, "ಟಿವಿಯೊಳಗ ಏನೇನ ತೋರಸ್ತಾವು, ಹುಡುಗ್ರು ಕೆಟ್ಟ ಹೋಗ್ತಾವು" ಅಂತೀರಿ.

ಸಾಲಿ ಟ್ರಿಪ್ಪಿನ ಅಕ್ಕೋರ ಪಾಡು ಇನ್ನೂ ಬ್ಯಾರೆ. ಬಾದಾಮಿ ಮೂರನೇ ಗವಿ, 578ರಾಗ ಮಂಗಳೇಶ ಕೊರಸಿದ್ದು. ಶಾಸನಾ ಓದಸ್ಬೇಕು, ನರಸಿಂಹನ್ನ ತೋರಸ್ಬೇಕು, ಆದ್ರ ಅದಽ ಕಂಬಗಳ ಮ್ಯಾಲ ಜೋಡಿಗೋಳು ಹೆಗಲ ಮ್ಯಾಲ ಕೈ ಹಾಕ್ಕೊಂಡು ಬಳಕೋತ ನಿಂತಾವಲ್ಲ! ಐಹೊಳಿ ದುರ್ಗದ ಗುಡಿಯಾಗೂ ಅದಽ ಕಥಿ. ಹುಡುಗ್ರ ಕತ್ತು ಮ್ಯಾಲ ಎದ್ದವೋ ಇಲ್ಲೋ, ಅಕ್ಕೋರು: "ಅಲ್ನೋಡ್ರಿ, ಮಂಗ್ಯಾ!" ಬಾದಾಮಿಯೊಳಗ ಮಂಗ್ಯಾಕೇನ ಬರಗಾಲ? ಅಪ್ಪಾರಿಗೆ ಚರಿಗಿ ಇದ್ದಂಗ ಅಕ್ಕೋರಿಗೆ ಮಂಗ್ಯಾ. ಹುಡುಗ್ರು ಮಂಗ್ಯಾನ್ನ ನೋಡಿ ಬರ್ತಾವು, ಪರೀಕ್ಷೆದಾಗ ಚಾಲುಕ್ಯರ ಶಿಲ್ಪಕಲೆ ಅಂದ್ರ ಪೆನ್ ಕಡಕೋತ ಕುಂದರ್ತಾವು.

ಇನ್ನ ಬಾಗಲಕೋಟಿ ಹೋಳಿ ನಾ ಎತ್ತೂದಿಲ್ಲ. ಹಲಿಗಿ ಬಡಕೋತ, ಕುಳ್ಳು ಕದ್ದು, ಬಾಯಿ ಬಡಕೊಂಡು ನಾವು ಸಣ್ಣವ್ರಿದ್ದಾಗ ಏನೇನ ಒದರೀವಿ ಅನ್ನೂದನ್ನ ಇಲ್ಲಿ ಬರದ್ರ ಸಂಪಾದಕರು ನನಗಽ ಎ ಸಿಕ್ಕಾ ಹೊಡೀತಾರ.

ಹಂಗಾದ್ರ ಏನಾರೆ ತೋರಸ್ಲಿ ಅಂತೇನು? ಅಲ್ರಿ. ನನಗ ಅನಸೂದು ಇಷ್ಟಽ: ನಾವು ಮುದ್ದ ಕೊಡೂದಕ್ಕ ಹೆದರಿದಷ್ಟು ಹುಡುಗ್ರು ಹೆದರೂದಕ್ಕ ಹೆದರಾಂಗಿಲ್ಲ. 2004ರಾಗ 'ಆಪ್ತಮಿತ್ರ' ಬಂದಾಗ ನಮ್ಮ ತಂಗಿ ಮಗಳಿಗೆ ಆರು ವರ್ಷ. ಸೌಂದರ್ಯಾ ನಾಗವಲ್ಲಿಯಾಗಿ ಕಣ್ಣ ಬಿಟ್ಟಿದ್ದ ನೋಡಿ, ಆ ಹುಡುಗಿ ಒಂದ ತಿಂಗಳ ಹಿತ್ತಲದಾಗ ಒಬ್ಬಾಕಿ ಹೋಗ್ಲಿಲ್ಲ. ಗೆಜ್ಜಿ ಸಪ್ಪಳ ಆದ್ರ ಅವ್ವನ ಸೀರ್ಯಾಗ ಮಾರಿ ಹುದುಗಸೂದು. ಆ ಸಿನಿಮಾದಾಗ ನೀರ ಕೇಳೂವಂಥಾ ಸೀನ್ ಒಂದೂ ಇದ್ದಿದ್ದಿಲ್ಲ ಅಂತ ನಾವು ಆರಾಮ ಕುಂತಿದ್ವಿ. ನಾವಽ ಆಕೀಗೆ, "ಏ ಹುಚ್ಚಿ, ಸುಳ್ಳ ಅದು" ಅಂತ ನಕ್ಕಿದ್ವಿ. ಆರು ವರ್ಷದಾಕೀಗೆ ಪಡದೆ ಮ್ಯಾಲಿಂದು ಸುಳ್ಳು, ಹಿತ್ತಲದ ಕತ್ತಲಿ ಖರೇ ಅಂತ ಬ್ಯಾರೆ ಬ್ಯಾರೆ ಮಾಡಾಕ ಬರೂದಿಲ್ರಿ. ಏಳು ಅನ್ನೂ ನಂಬರ್ ಇಟ್ಟಾರಲ್ಲ, ಇಂಥಾ ಹೆದರಿಕಿ ನೆಪ್ಪ ಇಟ್ಕೊಂಡಽ ಇಟ್ಟಾರ ಅಂತ ತಿಳಕೋರಿ.

ಈಗಂತೂ ಟಿವಿ ಕಥಿನೂ ಮುಗೀತು. ಓಟಿಟಿ. 2021ರ ನಿಯಮದ ಪ್ರಕಾರ ಹದಿಮೂರರ ಮ್ಯಾಲಿನ ಸಿನಿಮಾಕ್ಕೆಲ್ಲಾ ತಂದಿತಾಯಿ ಬೀಗ ಹಾಕೂ ಸವಲತ್ತು ಇರಬೇಕು. ಐತಿ. ಆ ಬೀಗ ನಿಮ್ಮ ಫೋನಿನಾಗ ಹಾಕಿ ಕೊಟ್ಟಾವ ಯಾರು? ಮಗಾ! ನಂಬರ್ ಏನ ಇಟ್ಟೀರಿ? ಅವನ ಹುಟ್ಟಿದ ವರ್ಷ! (ಈಗ ಬದಲ ಮಾಡಾಕ ಹೊಂಟ್ರಿ, ಹೌದಲ್ಲೋ? ಹೆಂಗ ಮಾಡೂದು ಅಂತ ಅವನ್ನಽ ಕರೀತೀರಿ, ಕುಂದರ್ರಿ ಸುಮ್ನ.)

ಹೋದ ದೀಪಾವಳಿಗೆ ನಮ್ಮ ಮನ್ಯಾಗ ಎಲ್ಲಾರೂ ಕುಂತಿದ್ವಿ. ಅಮೀನಗಡದ ಕರದಂಟು ಮೆಲ್ಲಕೋತ ಯಾವುದೋ ವೆಬ್ ಸೀರೀಸ್. ನಡುವ ಒಂದ ಸೀನ್ ಬರೂದಿತ್ತು. ಬರೂದಿತ್ತು ಅಂತ ನನಗೇನ ಗೊತ್ತು? ಹದಿನೈದ ವರ್ಷದ ಮಗಾ ಮೊದಲಽ ನೋಡಿದ್ದ. ಮೆಲ್ಲಕ ನನ್ನ ಕಡೆ ಹೊಳ್ಳಿ ಅಂದ: "ಅಪ್ಪಾ, ಒಂದ್ ಗ್ಲಾಸ್ ನೀರ ತಗೊಂಬಾ." ಎದ್ದ ಹ್ವಾದೆ. ಒಳಗ ನಿಂತು ನಾನಽ ಎರಡ ಗ್ಲಾಸ್ ಕುಡದೆ.

ಇಳಕಲ್ಲಿನ ಮಹಾಂತ ಅಪ್ಪಗೋಳು 1975ರಾಗ ಜೋಳಿಗಿ ಹಿಡಕೊಂಡು ಮನಿಮನಿಗೆ ಬಂದು, ದುಡ್ಡು ಬ್ಯಾಡ, ನಿಮ್ಮ ಚಟಾ ಹಾಕ್ರಿ ಅಂತ ಕೇಳಿದ್ರು. ಬೀಡಿ, ಸೆರೆ, ಗುಟಕಾ ಅಂತ ಮಂದಿ ಎಷ್ಟೋ ಬಿಟ್ರು. ಅದಽ ಜೋಳಿಗಿ ಇವತ್ತ ನಿಮ್ಮ ಬಾಗಲಿಗೆ ಬಂದು ಫೋನ್ ಕೇಳಿತು ಅನ್ರಿ. ಯಾರದ ಹಾಕ್ತೀರಿ? ಮಗಂದು! ನಿಮ್ಮದು ಆಫೀಸ್ ಕೆಲಸದ್ದು, ಪಾಪ. (ರಾತ್ರಿ ಹನ್ನೊಂದಕ್ಕ ಚಾದರದ ಒಳಗ ಯಾವ ಆಫೀಸು ನಡೀತೈತ್ರಿ ಅದು?)

ಇರ್ಲಿ, ಹೊತ್ತಾತು. ಮುಂದಿನ ಐತವಾರ ಹುಡುಗ್ರನ್ನ ಕರಕೊಂಡು ಸಿನಿಮಾಕ್ಕ ಹೊಂಟ್ರ, ಪೋಸ್ಟರಿನ ಮೂಲ್ಯಾಗ ಇರೂ ಆ ಸಣ್ಣ ನಂಬರ್ ಒಂದ ಸಲ ಓದ್ಕೋರಿ. ಕಂಡಕ್ಟರ್‌ಗ ಹೇಳೂ ವಯಸ್ಸು ಬ್ಯಾಡ, ಖರೇ ವಯಸ್ಸು ಅದರ ಬಾಜೂಕ ಇಟ್ಟು ನೋಡ್ರಿ. ಮತ್ತ ನೀರಿನ ಬಾಟ್ಲಿ ಕೈಯಾಗಽ ಇಟ್ಕೋರಿ. ತರಾಕ ಹುಡುಗನ್ನ ಕಳಸಬ್ಯಾಡ್ರಿ.