ಸೀಡಿಗೂ ಹಲ್ಲುಜ್ಜಿ

ಗೀರು ಬಿದ್ದ ಸೀಡಿಗೆ ಟೂತ್‌ಪೇಸ್ಟ್ ಹಚ್ಚಿ ಅಂದರೆ ನಗಬೇಡಿ. ಅಣ್ಣಾವ್ರ ಹಾಡು ಒಂದೇ ಪದದಲ್ಲಿ ಸಿಕ್ಕಿಕೊಂಡು ಬಿಕ್ಕಳಿಸುವಾಗ ಈ ಮದ್ದು ಎಷ್ಟೋ ಸಲ ಫಲಿಸುತ್ತದೆ. ಸೀಡಿ ಎಂದರೆ 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಬಿಲ್ಲೆ; ತಳದ ಗೀರು ಲೇಸರ್ ಕಿರಣದ ದಾರಿ ತಪ್ಪಿಸುತ್ತದೆ. ಪೇಸ್ಟಿನಲ್ಲಿರುವ ನುಣ್ಣನೆಯ ಪುಡಿ ಗೀರಿನ ಅಂಚನ್ನು ಸವೆಸುತ್ತದೆ. ಬಿಳಿ ಪೇಸ್ಟೇ ಆಗಲಿ, ಜೆಲ್ ಬೇಡ. ಉಜ್ಜುವುದು ಮಧ್ಯದಿಂದ ಅಂಚಿಗೆ, ನೇರವಾಗಿ. ದೋಸೆ ಹುಯ್ದಂತೆ ಸುತ್ತಿದಿರೋ, ಹೊಸ ಗೀರು ಹಾಡಿನ ಜಾಡಿನುದ್ದಕ್ಕೂ ಬಿದ್ದು, ಪ್ಲೇಯರ್‌ನ ತಪ್ಪು ತಿದ್ದುವ ಜಾಣತನವೂ ಕೈಚೆಲ್ಲುತ್ತದೆ. ಪಾತ್ರೆ ತಿಕ್ಕುವ ನಾರು ಹಿಡಿದು ನೆರವಿಗೆ ಬರುವ ಅಜ್ಜಿಯನ್ನು ಮಾತ್ರ ಹೇಗಾದರೂ ತಡೆಯಿರಿ! ಚಿತ್ರವಿರುವ ಬದಿಯಲ್ಲೇ ಆಳವಾಗಿ ಗೀಚಿದ್ದರೆ ಮದ್ದಿಲ್ಲ. ಮಾಹಿತಿಯ ಪದರ ಇರುವುದು ಅಲ್ಲೇ, ತೆಳು ಮೆರುಗಿನ ಅಡಿಯಲ್ಲಿ. ಅಂಥದ್ದನ್ನು ತೋಟದಲ್ಲಿ ನೇತುಹಾಕಿ, ಗಿಳಿಗಳನ್ನಾದರೂ ಬೆದರಿಸಲಿ.